ನಿಮ್ಮ ಮಗನ ವರಸೆ ಯಾವುದು?

ಫೋನ್ ಕಸಿದುಕೊಳ್ಳುವ ಮೊದಲು ಒಂದು ದಿನ ಮಗನ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ನೋಡಿ. ನಿಮ್ಮ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿರಲಿ, ಸಿರುಗುಪ್ಪದ ರೈಸ್ ಮಿಲ್ಲಿನ ಹಿಂದಿನ ಓಣಿಯಲ್ಲಿರಲಿ, ಕುರುಗೋಡಿನ ಬೆಟ್ಟದ ಬುಡದಲ್ಲಿರಲಿ, ಪರದೆಯ ಮೇಲೆ ಕಾಣುವುದು ಹೆಚ್ಚುಕಮ್ಮಿ ಒಂದೇ. ಇಬ್ಬರು ಎದುರುಬದುರು ನಿಂತಿರುತ್ತಾರೆ, ಒಬ್ಬ ಒದೆಯುತ್ತಾನೆ, ಇನ್ನೊಬ್ಬ ಬೀಳುತ್ತಾನೆ. "ಯಾವಾಗ ನೋಡಿದರೂ ಹೊಡೆದಾಟ" ಎಂದು ನೀವು ಗದರಿಸುತ್ತೀರಿ. "ಒಂದೇ ನಿಮಿಷ ಅಮ್ಮೀ, ಫೈಟಿಂಗ್ ಸ್ಟೈಲ್ ಆರಿಸ್ತಿದ್ದೀನಿ" ಎಂದು ಅವನು ತಲೆ ಎತ್ತದೆ ಹೇಳುತ್ತಾನೆ.

ಆರೋಗ್ಯದ ಪುಟದಲ್ಲಿ ಫೋನಿನ ಆಟಕ್ಕೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ. ಇಂಥ ಆಟದಲ್ಲಿ ಮುಳುಗಿದ ಹುಡುಗ ಇವತ್ತಲ್ಲ ನಾಳೆ "ನನ್ನನ್ನು ಕರಾಟೆಗೆ ಸೇರಿಸಿ" ಎಂದು ಕೇಳುತ್ತಾನೆ. ಆಗ ನಾವು ಏನು ಮಾಡುತ್ತೇವೆ? ಪಕ್ಕದ ಮನೆಯ ಹುಡುಗ ಎಲ್ಲಿಗೆ ಹೋಗುತ್ತಾನೋ ಅಲ್ಲಿಗೇ ಕಳಿಸುತ್ತೇವೆ, ಇಲ್ಲವೇ "ಮೊದಲು ಓದು" ಎಂದು ಸುಮ್ಮನಾಗಿಸುತ್ತೇವೆ. ಆಟದೊಳಗಿನ ಬೊಂಬೆಗೆ ವರಸೆ ಆರಿಸುವಾಗ ಅವನು ಪಡುವಷ್ಟು ಯೋಚನೆಯನ್ನು ಅವನ ಸ್ವಂತ ಮೈಗೆ ವರಸೆ ಆರಿಸುವಾಗ ನಾವು ಮಾಡುವುದಿಲ್ಲ.

ಅವನು ಪಡುವ ಯೋಚನೆ ಎಂಥದ್ದು ನೋಡಿ. ಇವು ಬರೀ ಗುದ್ದಾಟದ ಆಟಗಳಲ್ಲ, ಪಾತ್ರವೊಂದನ್ನು ಕೈಗೆ ತೆಗೆದುಕೊಂಡು ಪಂದ್ಯದಿಂದ ಪಂದ್ಯಕ್ಕೆ ಬೆಳೆಸುತ್ತಾ ಹೋಗುವ ಆಟಗಳು. 2014ರಲ್ಲಿ ಫೋನಿಗೆ ಬಂದ 'ಶ್ಯಾಡೋ ಫೈಟ್ 2'ರಲ್ಲಿ ಆಟಗಾರರು ಕಪ್ಪು ನೆರಳುಗಳಂತೆ ಕಾಣುತ್ತಾರೆ, ಹಿಡಿದ ಆಯುಧಕ್ಕೆ ತಕ್ಕಂತೆ ಅವರ ವರಸೆ ಬದಲಾಗುತ್ತದೆ. ಚಾಕುವಾದರೆ ಕೈ ಚುರುಕು, ಆದರೆ ಎದುರಾಳಿಯ ಹತ್ತಿರ ಹೋಗಲೇಬೇಕು. ಉದ್ದ ಕೋಲಾದರೆ ದೂರದಿಂದಲೇ ತಡೆಯಬಹುದು. 2017ರಲ್ಲಿ ಬಂದ ಮೂರನೆಯ ಭಾಗದಲ್ಲಿ ಮೂರು ಬಣಗಳಿವೆ: ಭಾರದ ಆಯುಧ ಹಿಡಿದು ನಿಧಾನವಾಗಿ ಬಲವಾಗಿ ಹೊಡೆಯುವ ಲೀಜನ್, ಜಿಗಿದು ತಿರುಗಿ ಬರುವ ಚುರುಕಿನ ಡೈನಾಸ್ಟಿ, ಲೆಕ್ಕ ಹಾಕಿ ಗುರಿಯಿಟ್ಟು ಹೊಡೆಯುವ ಹೆರಾಲ್ಡ್ಸ್. ಇದಕ್ಕೂ ಹಳೆಯದು 2005ರ 'ಜೇಡ್ ಎಂಪೈರ್'. ಅದರಲ್ಲಿ ಬರಿಗೈ ವರಸೆಗಳು, ಆಯುಧದ ವರಸೆಗಳು, ಮಂತ್ರದ ವರಸೆಗಳು ಬೇರೆಬೇರೆ. ಅಲ್ಲಿನ ದೆವ್ವಗಳಿಗೆ ಕತ್ತಿ ತಾಗುವುದೇ ಇಲ್ಲ, ಆದ್ದರಿಂದ ಕತ್ತಿಯನ್ನೇ ನಂಬಿ ಕೂತವನು ಸೋಲುತ್ತಾನೆ. ಪಾತ್ರ ಒಂದು ಹಂತ ಮೇಲೇರಿದಾಗ ಕೆಲವೇ ಅಂಕಗಳು ಸಿಗುತ್ತವೆ. ಅವನ್ನು ಹತ್ತು ವರಸೆಗಳಿಗೆ ಚೆಲ್ಲಿದರೆ ಒಂದೂ ಪಳಗುವುದಿಲ್ಲ, ಎರಡು ಮೂರಕ್ಕೆ ಹಾಕಿದವನು ಮುಂದೆ ಹೋಗುತ್ತಾನೆ.

ಅಂದರೆ ನಿಮ್ಮ ಮಗ ದಿನವೂ ಲೆಕ್ಕ ಹಾಕುತ್ತಿದ್ದಾನೆ: ನನ್ನ ಬಲ ಯಾವುದು, ಎದುರಿಗಿರುವವನು ಎಂಥವನು, ನನ್ನ ಕೈಯಲ್ಲಿರುವ ಬಂಡವಾಳ ಎಷ್ಟು. ಎದುರಿಗೇನಿದೆ ಎಂದು ನೋಡದೆ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮೂರಿನಲ್ಲೇ ಒಂದು ಕತೆಯಿದೆ. ಹೈದರ್ ಅಲಿ ಬಳ್ಳಾರಿ ಗುಡ್ಡದ ಕೋಟೆಯನ್ನು ಫ್ರೆಂಚ್ ಇಂಜಿನಿಯರ್ ಒಬ್ಬನಿಂದ ಕಟ್ಟಿಸಿದ, ಕಟ್ಟಿ ಮುಗಿದ ಮೇಲೆ ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಎಂದು ತಿಳಿಯಿತು, ಇಂಜಿನಿಯರನನ್ನು ಗಲ್ಲಿಗೇರಿಸಿದ ಎಂದು ಹಿರಿಯರು ಹೇಳುತ್ತಾರೆ. ಕತೆ ಎಷ್ಟು ನಿಜವೋ, ಆದರೆ ಕೋಟೆ ನೋಡಲು ಹೋದಾಗ ಮಕ್ಕಳಿಗೆ ಹೇಳಲು ಒಳ್ಳೆಯ ಕತೆ.

ಇನ್ನು ಆಟದಲ್ಲಿ ಇಲ್ಲದ್ದನ್ನು ನೋಡೋಣ. ಬಿದ್ದವನು ಒಂದು ಗುಂಡಿ ಒತ್ತಿದರೆ ಎದ್ದು ನಿಲ್ಲುತ್ತಾನೆ. ತಲೆಗೆ ಇಪ್ಪತ್ತು ಪೆಟ್ಟು ಬಿದ್ದರೂ ಮರುದಿನ ಪರೀಕ್ಷೆ ಬರೆಯುವ ಚಿಂತೆಯಿಲ್ಲ. ಬೆವರಿಲ್ಲ, ಬಾಯಾರಿಕೆಯಿಲ್ಲ, ಏಪ್ರಿಲ್ ತಿಂಗಳ ಬಳ್ಳಾರಿಯ ಬಿಸಿಲಿಲ್ಲ, ಚಾಪೆಯಿಂದ ಹತ್ತಿಕೊಳ್ಳುವ ಗಜಕರ್ಣವಿಲ್ಲ. ಆ ಕೊರತೆ ತುಂಬುವುದು ತಂದೆ ತಾಯಿಯ ಪಾಲಿನ ಕೆಲಸ.

ಯಾವ ಮೈಗೆ ಯಾವ ವರಸೆ

ಮೊದಲು ಮಗನ ಮೈಕಟ್ಟು ನೋಡಿ, ಆಮೇಲೆ ಸ್ವಭಾವ ನೋಡಿ. ಗಿಡ್ಡ, ಗಟ್ಟಿಮುಟ್ಟು, ತೊಡೆಯಲ್ಲಿ ಬಲವಿರುವ ಹುಡುಗನಿಗೆ ಕುಸ್ತಿಯೂ ಜೂಡೋ ಕೂಡ ಒಗ್ಗುತ್ತವೆ. ತೆಳ್ಳಗೆ ಎತ್ತರಕ್ಕಿದ್ದು ಕಾಲು ಉದ್ದವಿದ್ದರೆ ಟೇಕ್ವಾಂಡೋ. ಕೊರಿಯಾದ ಈ ಕಲೆಯಲ್ಲಿ ಕಾಲಿನದೇ ಆಟ. ಕರಾಟೆ ಜಪಾನಿನ ಒಕಿನಾವಾ ದ್ವೀಪದಿಂದ ಬಂದದ್ದು. ಅದರಲ್ಲಿ ಎರಡು ಬಗೆ. ಒಂಟಿಯಾಗಿ ನಿಂತು ಹೆಜ್ಜೆ, ತಡೆ, ಹೊಡೆತಗಳನ್ನು ಕ್ರಮವಾಗಿ ಮಾಡುವುದು ಕಾಟಾ, ಎದುರಾಳಿಯೊಂದಿಗೆ ಸೆಣಸುವುದು ಕುಮಿಟೆ. ಮುಂಗೋಪದ ಹುಡುಗನಿಗೆ ಮೊದಲ ವರ್ಷ ಕಾಟಾ ಸಾಕು. ಅವನನ್ನು ನೇರವಾಗಿ ಕಿಕ್ ಬಾಕ್ಸಿಂಗಿಗೆ ಬಿಟ್ಟರೆ ಕಲಿತ ಮೊದಲ ಗುದ್ದು ಮನೆಯಲ್ಲಿ ತಮ್ಮನ ಮೇಲೇ ಬೀಳುತ್ತದೆ. ಅಂಜುಬುರುಕನಿಗೆ ಇನ್ನೊಬ್ಬರನ್ನು ಹಿಡಿದು ಆಡುವ ಕಲೆ ಒಳ್ಳೆಯದು, ಮುಟ್ಟಿ ಮುಟ್ಟಿ ಅಂಜಿಕೆ ಬಿಡುತ್ತದೆ. ಕನ್ನಡಕದ ಮಗುವಿಗೆ ಕಾಟಾ ಅನುಕೂಲ.

ನನ್ನನ್ನು ಕೇಳಿದರೆ ಎಂಟು ಹತ್ತು ವರ್ಷದ ಮಗುವಿಗೆ ಮೊದಲ ಕಲೆಯಾಗಿ ಜೂಡೋ ಹೇಳುತ್ತೇನೆ. 1882ರಲ್ಲಿ ಟೋಕಿಯೋದಲ್ಲಿ ಜಿಗೊರೊ ಕಾನೋ ಎಂಬ ಶಿಕ್ಷಕರು ಕಟ್ಟಿದ ಈ ಕಲೆಯಲ್ಲಿ ಹೊಡೆತವಿಲ್ಲ, ಒದೆತವಿಲ್ಲ. ಮೊದಲು ಕಲಿಸುವುದು ಬೀಳುವುದನ್ನು: ಗದ್ದವನ್ನು ಎದೆಗೆ ಒತ್ತಿಕೊಂಡು, ತೋಳಿನಿಂದ ನೆಲಕ್ಕೆ ಬಡಿದು, ತಲೆ ತಾಗದಂತೆ ಬೀಳುವುದು. ಸೈಕಲ್ಲಿನಿಂದ ಬಿದ್ದರೂ ಬಚ್ಚಲಲ್ಲಿ ಜಾರಿದರೂ ಕೈಹಿಡಿಯುವ ಕಲಿಕೆ ಇದು. ತೊಂದರೆಯೆಂದರೆ ಜೂಡೋ ಕಲಿಸುವವರು ಎಲ್ಲ ಊರಿನಲ್ಲೂ ಸಿಗುವುದಿಲ್ಲ. ನಮ್ಮ ಜಿಲ್ಲೆಯ ತೋರಣಗಲ್ಲು ಬಳಿಯ ವಿಜಯನಗರ ಟೌನ್‌ಶಿಪ್ಪಿನಲ್ಲಿ 2018ರಿಂದ ಇರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಜೂಡೋ, ಕುಸ್ತಿ, ಬಾಕ್ಸಿಂಗ್ ಮೂರೂ ಇವೆ. ಆದರೆ ಅದು ದೊಡ್ಡ ಕೂಟಗಳಿಗೆ ಆಟಗಾರರನ್ನು ತಯಾರು ಮಾಡುವ ಜಾಗ, ಸಂಜೆಯ ಟ್ಯೂಷನ್ ಅಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ದಿನವೂ ಬಸ್ಸಿನಲ್ಲಿ ಎರಡು ಮೂರು ಗಂಟೆ ಕಳೆದು ಕಲಿಯುವ 'ಸರಿಯಾದ' ಕಲೆಗಿಂತ ನಡೆದು ಹೋಗುವಷ್ಟು ಹತ್ತಿರದ ಕರಾಟೆ ಕ್ಲಾಸು ಮಗುವಿನ ನಿದ್ದೆಗೂ ಊಟಕ್ಕೂ ಒಳ್ಳೆಯದು.

ಗರಡಿ ಹತ್ತಿರವಿದ್ದರೆ ಅದನ್ನೂ ಕೀಳಾಗಿ ಕಾಣಬೇಡಿ. ಕುಸ್ತಿ, ಪೈಲ್ವಾನ, ತಾಲೀಮು ಎಂಬ ಪದಗಳೆಲ್ಲ ಪಾರಸಿ, ಅರಬಿ ದಾರಿಯಿಂದ ಕನ್ನಡಕ್ಕೆ ಬಂದವು. ನಮ್ಮ ಕಡೆ ಗರಡಿಯ ಗುರುವನ್ನು 'ವಸ್ತಾದಿ' ಎನ್ನುವುದೂ 'ಉಸ್ತಾದ್' ಎಂಬುದರಿಂದಲೇ. ದಂಡ, ಬಸ್ಕಿ ಹೊಡೆಯಲು ಯಂತ್ರ ಬೇಕಿಲ್ಲ. ಲಂಗೋಟಿಯಲ್ಲಿ ತೊಡೆ ಕಾಣುತ್ತದೆ ಎಂಬ ಸಂಕೋಚ ನಮ್ಮ ಮನೆಗಳಲ್ಲಿ ಸಹಜ, ಮೊಣಕಾಲು ಮುಚ್ಚುವ ಬಿಗಿ ಚಡ್ಡಿ ಹಾಕಿ ಅಭ್ಯಾಸ ಮಾಡಲು ವಸ್ತಾದಿಯನ್ನು ಕೇಳಿ. ಆಸ್ತಮಾ ಇರುವ ಮಗುವಿಗೆ ಮಾತ್ರ ಗರಡಿಯ ಮಣ್ಣಿನ ಧೂಳು ಆಗದು. ಅವರಿಗೆ ಚಾಪೆಯ ಮೇಲಿನ ಕಲೆಯೇ ಸರಿ, ಇನ್‌ಹೇಲರ್ ಚೀಲದಲ್ಲಿರಬೇಕು, ಮೈ ಬಿಸಿ ಮಾಡುವ ವ್ಯಾಯಾಮ ತಪ್ಪಿಸಬಾರದು.

ಕರಾಟೆ, ಜೂಡೋದಲ್ಲಿ ಬಾಗಿ ವಂದಿಸುವ ಪದ್ಧತಿಯಿದೆ. ನಿಮಗೆ ಅದು ಇರಿಸುಮುರಿಸು ಎನಿಸಿದರೆ ಸೇರಿಸುವ ದಿನವೇ ಮಾಸ್ತರರ ಹತ್ತಿರ ಮಾತಾಡಿಕೊಳ್ಳಿ. ಮಗು ಸಾಲಿನಲ್ಲಿ ನಿಂತಾಗ ಗೊಂದಲವಾಗುವುದು ಬೇಡ.

ತಲೆ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಜಗಳದಲ್ಲೂ ಮುಖಕ್ಕೆ ಹೊಡೆಯಬಾರದು ಎಂಬ ಪ್ರವಾದಿ(ಸ)ರ ತಾಕೀತು ನಿಮಗೆ ಗೊತ್ತೇ ಇದೆ. ವೈದ್ಯರ ಮಾತೂ ಅದೇ ಕಡೆ ಬರುತ್ತದೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2011ರಲ್ಲಿ ಕೆನಡಾದ ಮಕ್ಕಳ ತಜ್ಞರ ಜೊತೆ ಸೇರಿ, ಮಕ್ಕಳಿಗೂ ಹದಿಹರೆಯದವರಿಗೂ ಬಾಕ್ಸಿಂಗ್ ಬೇಡವೆಂದು ನಿಲುವು ತಳೆಯಿತು. ಬೇರೆ ಆಟಗಳಲ್ಲಿ ತಲೆಗೆ ಪೆಟ್ಟು ಅಕಸ್ಮಾತ್ತಾಗಿ ಬೀಳುತ್ತದೆ, ಬಾಕ್ಸಿಂಗಿನಲ್ಲಿ ತಲೆಯೇ ಗುರಿ. ನಿಖತ್ ಝರೀನ್ 2022ರಲ್ಲೂ 2023ರಲ್ಲೂ ವಿಶ್ವ ಚಾಂಪಿಯನ್ ಆದದ್ದು ನಮಗೆಲ್ಲ ಸಂತೋಷ ತಂದಿದೆ, ನಿಜಾಮಾಬಾದಿನ ಆ ಹುಡುಗಿಯ ಛಲ ದೊಡ್ಡದು. ಆದರೂ ಎಂಟು ವರ್ಷದ ಮಗುವಿನ ಎದುರು ಇನ್ನೊಂದು ಮಗುವನ್ನು ನಿಲ್ಲಿಸಿ ಮುಖಕ್ಕೆ ಗುದ್ದಲು ಹೇಳುವ ಕ್ಲಾಸಿನಿಂದ ಮಗುವನ್ನು ಎಬ್ಬಿಸಿಕೊಂಡು ಬನ್ನಿ. ಬಾಕ್ಸಿಂಗ್ ಇಷ್ಟವಾದರೆ ಚೀಲಕ್ಕೆ ಹೊಡೆಯಲಿ, ಹಗ್ಗ ಹಾರಲಿ, ಹೆಜ್ಜೆ ಕಲಿಯಲಿ. ಎದುರಾಟ ದೊಡ್ಡವನಾದ ಮೇಲೆ ಅವನೇ ತೀರ್ಮಾನಿಸುತ್ತಾನೆ.

ಅಭ್ಯಾಸದಲ್ಲಿ ತಲೆಗೆ ಪೆಟ್ಟು ಬಿದ್ದು ಮಗು ತಬ್ಬಿಬ್ಬಾದರೆ, ಕೇಳಿದ್ದನ್ನೇ ಕೇಳಿದರೆ, ಕಣ್ಣು ಮಂಜು ಎಂದರೆ ಆ ದಿನ ಮತ್ತೆ ಆಡುವಂತಿಲ್ಲ. "ಎದ್ದೇಳು, ಏನೂ ಆಗಿಲ್ಲ" ಎನ್ನುವ ಮಾಸ್ತರರ ಮಾತು ಕೇಳಬೇಡಿ. ಪ್ರಜ್ಞೆ ತಪ್ಪಿದರೆ, ಪದೇ ಪದೇ ವಾಂತಿಯಾದರೆ, ತಲೆನೋವು ಹೆಚ್ಚುತ್ತಾ ಹೋದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ 108ಕ್ಕೆ ಫೋನ್ ಮಾಡಿ. ಸಿರುಗುಪ್ಪದವರು ತಾಲ್ಲೂಕು ಆಸ್ಪತ್ರೆಗೆ, ಬಳ್ಳಾರಿಯವರು ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ವೈದ್ಯರು ಸರಿ ಎನ್ನುವವರೆಗೆ ಚಾಪೆ ಹತ್ತಬಾರದು.

ಕೈಯ ಬಗ್ಗೆಯೂ ಒಂದು ಮಾತು. ವಾರ್ಷಿಕೋತ್ಸವದಲ್ಲಿ ಚಪ್ಪಾಳೆ ಗಿಟ್ಟಿಸಲು ಚಿಕ್ಕ ಮಕ್ಕಳಿಂದ ಹೆಂಚು ಒಡೆಸುತ್ತಾರೆ. ಬೆಳೆಯುವ ಮೂಳೆಯ ತುದಿಯಲ್ಲಿ ಮೃದು ಭಾಗವೊಂದಿರುತ್ತದೆ, ಮೂಳೆ ಉದ್ದವಾಗುವುದೇ ಅಲ್ಲಿಂದ. ಮೇಲಿಂದ ಮೇಲೆ ಗಟ್ಟಿ ವಸ್ತುವಿಗೆ ಹೊಡೆದರೆ ಅದಕ್ಕೆ ಪೆಟ್ಟಾಗುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ, ಬೇಡ ಎನ್ನಿ.

ಚರ್ಮ, ಚಾಪೆ, ಟವೆಲ್ಲು

ಹುಡುಗರಿಗೆ ಖಬೀಬ್ ನೂರ್‌ಮಗೊಮೆದೊವ್ ಎಂದರೆ ಪ್ರಾಣ. ದಾಗೆಸ್ತಾನದ ಈ ಕುಸ್ತಿಪಟು 29 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 2020ರಲ್ಲಿ ನಿವೃತ್ತನಾದ. ಅವನ ಕಿವಿಯನ್ನು ಮಗನಿಗೆ ತೋರಿಸಿ: ಹೂಕೋಸಿನ ಹಾಗೆ ಮುದುಡಿದೆ. ಕಿವಿ ಉಜ್ಜಿ ಉಜ್ಜಿ ಒಳಗೆ ರಕ್ತ ಕಟ್ಟಿ, ಅದನ್ನು ತೆಗೆಸದೆ ಬಿಟ್ಟರೆ ಹೀಗೆ ಗಟ್ಟಿಯಾಗುತ್ತದೆ. ಕಿವಿ ಊದಿಕೊಂಡು ಮೆತ್ತಗಾದರೆ ಒಂದೆರಡು ದಿನದಲ್ಲೇ ವೈದ್ಯರಿಗೆ ತೋರಿಸಿ, ಮನೆಯಲ್ಲಿ ಸೂಜಿ ಚುಚ್ಚಬೇಡಿ.

ಕಿವಿಗಿಂತ ಹೆಚ್ಚು ಮಕ್ಕಳನ್ನು ಕಾಡುವುದು ಚರ್ಮ. ಗಜಕರ್ಣ, ಹುಳುಕಡ್ಡಿ, ನಮ್ಮ ಮನೆಮಾತಿನ ದಾದ್, ಎಲ್ಲ ಒಂದೇ: ಉಂಗುರದಂತೆ ಕೆಂಪಗೆ ಎದ್ದು ತುರಿಸುವ ಬೂಷ್ಟು ರೋಗ. ಮೈಗೆ ಮೈ ತಾಗುವ ಕುಸ್ತಿ, ಜೂಡೋದಲ್ಲಿ ಇದು ಬೇಗ ಹರಡುತ್ತದೆ. ಬೆವರು, ಬಿಗಿ ಬಟ್ಟೆ, ಸೆಖೆ ಸೇರಿದರೆ ಕೇಳುವುದೇ ಬೇಡ. ಹಳದಿ ಹೆಕ್ಕಳೆ ಕಟ್ಟುವ ಕೀವಿನ ಹುಣ್ಣೂ ಇದೇ ದಾರಿಯಲ್ಲಿ ಬರುತ್ತದೆ.

ನಮ್ಮಲ್ಲಿ ಆಗುವ ಅನಾಹುತ ಔಷಧದ ಅಂಗಡಿಯಲ್ಲಿ. ತುರಿಕೆ ಎಂದ ಕೂಡಲೇ ಒಂದು ಟ್ಯೂಬ್ ಕೊಡುತ್ತಾರೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ, ಏಕೆಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ಬೂಷ್ಟು ಸಾಯುವುದಿಲ್ಲ, ಅಡಗಿ ಕೂತು ಆಮೇಲೆ ಹೊಟ್ಟೆ, ತೊಡೆ, ಮುಖಕ್ಕೆಲ್ಲ ಹಬ್ಬುತ್ತದೆ, ಚರ್ಮ ತೆಳ್ಳಗಾಗುತ್ತದೆ. ಭಾರತದಲ್ಲಿ ಈಚಿನ ವರ್ಷಗಳಲ್ಲಿ ಮಾಮೂಲು ಔಷಧಕ್ಕೆ ಬಗ್ಗದ ಗಜಕರ್ಣ ಹೆಚ್ಚಿದೆ, ಅದರ ಹಿಂದೆ ಇಂಥ ಟ್ಯೂಬುಗಳ ಕೈವಾಡವೂ ಇದೆ ಎಂದು ಚರ್ಮ ವೈದ್ಯರು ಹೇಳುತ್ತಾರೆ. ಟ್ಯೂಬಿನ ಮೇಲೆ 'ಕ್ಲೋಬೆಟಾಸೋಲ್', 'ಬೆಕ್ಲೋಮೆಟಾಸೋನ್', 'ಬೀಟಾಮೆಥಾಸೋನ್' ಎಂಬ ಹೆಸರು ಕಂಡರೆ ಗಜಕರ್ಣಕ್ಕೆ ಹಚ್ಚಬೇಡಿ. ವೈದ್ಯರು ಕೊಟ್ಟ ಔಷಧವನ್ನು ಕಲೆ ಕಾಣದಾದ ಮೇಲೂ ಅವರು ಹೇಳಿದಷ್ಟು ದಿನ ಮುಂದುವರಿಸಿ. ಮನೆಯಲ್ಲಿ ಇನ್ನೊಬ್ಬರಿಗೆ ಇದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು, ಇಲ್ಲದಿದ್ದರೆ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅಣ್ಣನಿಗೆ ಸುತ್ತುತ್ತಲೇ ಇರುತ್ತದೆ. ವಾಸಿಯಾಗುತ್ತಿದೆ ಎಂದು ವೈದ್ಯರು ಹೇಳುವವರೆಗೆ ಮಗ ಬೇರೆಯವರ ಜೊತೆ ಹಿಡಿದಾಡಬಾರದು. ಆ ದಿನಗಳಲ್ಲಿ ಒಂಟಿ ಅಭ್ಯಾಸ ಮಾಡಲಿ. ಇದು ಇನ್ನೊಬ್ಬರ ಮಗುವಿನ ಹಕ್ಕಿನ ಪ್ರಶ್ನೆ.

ತಡೆಯುವ ಕೆಲಸ ಕಷ್ಟದ್ದಲ್ಲ, ನಮಗೆ ಅರ್ಧ ರೂಢಿಯೂ ಇದೆ. ಜುಮಾದ ದಿನ ಉಗುರು ಕತ್ತರಿಸುವ ಮನೆಗಳಲ್ಲಿ ಮಗು ಎದುರಾಳಿಯನ್ನು ಪರಚುವುದಿಲ್ಲ. ದಿನಕ್ಕೆ ಐದು ಬಾರಿ ಕಾಲು ತೊಳೆಯುತ್ತೇವೆ, ಸರಿ. ಆದರೆ ವುಝೂ ಮಾಡಿ ಕಾಲ್ಬೆರಳ ಸಂದಿ ಒರೆಸದೆ ಸಾಕ್ಸು, ಬೂಟು ಹಾಕಿಕೊಂಡರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಸಂದಿಯಲ್ಲಿ ಬೆಳ್ಳಗೆ ನೆನೆದು ಬಿರಿದ ಚರ್ಮ ಕಂಡರೆ ಅದೇ ಶುರು. ಆ ಕಾಲಿನಲ್ಲಿ ಮಗು ಬರಿಗಾಲಲ್ಲಿ ಚಾಪೆ ಹತ್ತುತ್ತದೆ, ಇಪ್ಪತ್ತು ಮಕ್ಕಳಿಗೆ ಹಂಚುತ್ತದೆ. ಪ್ರತಿಯೊಬ್ಬರಿಗೂ ಒಂದು ಸಣ್ಣ ಟವೆಲ್ ಇರಲಿ. ನಲ್ಲಿಯ ಬಳಿ ಎಲ್ಲರಿಗೂ ತೂಗುಹಾಕಿದ ಒಂದೇ ಟವೆಲ್ಲನ್ನು ಮಗ ಮುಟ್ಟದಿರಲಿ.

ಅಭ್ಯಾಸ ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ, ಅದೇ ದಿನ ಬಟ್ಟೆ ಒಗೆದು ಬಿಸಿಲಿಗೆ. ಬಳ್ಳಾರಿಯ ಬಿಸಿಲನ್ನು ಎಲ್ಲರೂ ಬೈಯುತ್ತೇವೆ, ಕರಾಟೆ ಬಟ್ಟೆ ಒಣಗಿಸಲು ಅದರಂಥದ್ದು ಇನ್ನೊಂದಿಲ್ಲ. ಬೆವರಿನ ಬಟ್ಟೆಯನ್ನು ಸ್ಕೂಲ್ ಬ್ಯಾಗಿನಲ್ಲೇ ಸುತ್ತಿಟ್ಟು ಎರಡು ದಿನ ಬಿಡುವ ಹುಡುಗರು ನಿಮ್ಮ ಮನೆಯಲ್ಲಿಲ್ಲ ಎಂದು ಹೇಳಲಾರಿರಿ. ಗರಡಿಯಾದರೆ ಮಣ್ಣನ್ನು ಆಗಾಗ ಅಗೆದು ಬಿಸಿಲು ತೋರಿಸುತ್ತಾರೆಯೇ ಕೇಳಿ. ಹಳೆಯ ಗರಡಿಗಳಲ್ಲಿ ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ ಬೆರೆಸಿ ಹದ ಮಾಡುತ್ತಿದ್ದರು. ಚಾಪೆಯಾದರೆ ದಿನವೂ ಸೋಂಕುನಾಶಕ ಹಾಕಿ ಒರೆಸಬೇಕು, ಚಪ್ಪಲಿ ಹಾಕಿ ಯಾರೂ ಹತ್ತಬಾರದು.

ಬಿಸಿಲು ಮತ್ತು ತೂಕ

ಮಾರ್ಚ್‌ನಿಂದ ಮೇ ಕೊನೆಯವರೆಗೆ ನಮ್ಮ ಕಡೆ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನದ 'ಸಮ್ಮರ್ ಕ್ಯಾಂಪ್' ಇಟ್ಟರೆ ಕಳಿಸಬೇಡಿ. ಫಜ್ರ್ ಆದ ಮೇಲಿನ ತಂಪು ಹೊತ್ತು ಅಥವಾ ಅಸರ್ ಕಳೆದ ಮೇಲೆ ಬಿಸಿಲು ಇಳಿದ ಹೊತ್ತು ಒಳ್ಳೆಯದು. ಶಿಸ್ತಿನ ಹೆಸರಿನಲ್ಲಿ ನೀರು ಕುಡಿಯಲು ಬಿಡದ ಮಾಸ್ತರರು ಇನ್ನೂ ಇದ್ದಾರೆ. ತುಂಬಾ ಬೆವರಿದ ದಿನ ಓಆರ್‌ಎಸ್ ಕೊಡಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರಮಝಾನಿನಲ್ಲಿ ಉಪವಾಸ ಹಿಡಿದ ಮಕ್ಕಳಿಗೆ ಹಗಲಿನ ಎದುರಾಟ ಬೇಡ, ಇಫ್ತಾರ್ ಆದ ಮೇಲೆ ಹಗುರವಾದ ಅಭ್ಯಾಸ ಸಾಕು.

ತೂಕದ ವಿಭಾಗಕ್ಕೆ ಇಳಿಯಲೆಂದು ಮಕ್ಕಳನ್ನು ಉಪವಾಸ ಕೆಡವಿ, ಜರ್ಕಿನ್ ಹಾಕಿಸಿ ಬಿಸಿಲಿನಲ್ಲಿ ಓಡಿಸುವುದು ಅಪಾಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡದ್ದನ್ನು ನೀವು ಟಿವಿಯಲ್ಲಿ ನೋಡಿದ್ದೀರಿ. ಅವರ ಸುತ್ತ ವೈದ್ಯರಿದ್ದರು. ನಿಮ್ಮ ಮಗ ತನ್ನ ತೂಕದಲ್ಲೇ ಆಡಲಿ. ಊಟ ಮನೆಯದೇ: ಮೊಟ್ಟೆ, ಬೇಳೆ, ಕಡಲೆ, ಹಾಲು, ವಾರಕ್ಕೊಮ್ಮೆ ಮಾಂಸ. ಡಬ್ಬಿಯ ಪುಡಿ ಬೇಡ.

ಮಗಳಿಗೆ?

ಹೆಣ್ಣುಮಕ್ಕಳ ವಿಷಯ ಬಂದಾಗ ಮನೆಯವರು ಬಟ್ಟೆಯ ಬಗ್ಗೆ ಕೇಳುತ್ತಾರೆ. ಕರಾಟೆ, ಟೇಕ್ವಾಂಡೋ ಎರಡರ ಉಡುಪೂ ಸಡಿಲ, ಮಣಿಕಟ್ಟಿನಿಂದ ಪಾದದವರೆಗೆ ಮುಚ್ಚುತ್ತದೆ. ಎರಡರ ಅಂತರರಾಷ್ಟ್ರೀಯ ಒಕ್ಕೂಟಗಳೂ ತಲೆವಸ್ತ್ರವನ್ನು ಒಪ್ಪಿವೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಟೇಕ್ವಾಂಡೋದ 57 ಕೆಜಿ ವಿಭಾಗದ ಎರಡೂ ಕಂಚುಗಳು, ಇರಾನಿನ ಕಿಮಿಯಾ ಅಲಿಝಾದೆಗೂ ಈಜಿಪ್ಟಿನ ಹೆದಾಯಾ ಮಲಾಕ್‌ಗೂ, ತಲೆವಸ್ತ್ರ ತೊಟ್ಟ ಹುಡುಗಿಯರಿಗೇ ಬಂದವು. ಅಭ್ಯಾಸಕ್ಕೆ ಪಿನ್ನು ಚುಚ್ಚಿದ ಸ್ಕಾರ್ಫ್ ಬೇಡ, ಎಳೆದರೆ ಕುತ್ತಿಗೆಗೆ ಸುತ್ತಿಕೊಳ್ಳದ, ತಲೆಗೆ ಅಂಟಿ ಕೂರುವ ಬಟ್ಟೆ ಇರಲಿ.

ಮಗಳು ಹತ್ತೇ ನಿಮಿಷಕ್ಕೆ ಏದುಸಿರು ಬಿಟ್ಟರೆ ಸೋಮಾರಿ ಎನ್ನಬೇಡಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವಳು ನುಂಗುತ್ತಾಳೆಯೇ, ಕಿಟಕಿಯಿಂದ ಎಸೆಯುತ್ತಾಳೆಯೇ ಎಂದೂ ವಿಚಾರಿಸಿ. ಸರ್ಕಾರಿ ಶಾಲೆಗಳಲ್ಲಿ 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ. ಕುರುಗೋಡು, ಸಿರುಗುಪ್ಪದಲ್ಲಿ ಮಹಿಳಾ ತರಬೇತುದಾರರು ಸಿಗುವುದು ಕಷ್ಟವಾದ್ದರಿಂದ ಮುಖ್ಯೋಪಾಧ್ಯಾಯರನ್ನೇ ಮೊದಲು ಕೇಳುವುದು ಲೇಸು.

ಫೋನನ್ನು ಏನು ಮಾಡುವುದು

ಕ್ಲಾಸಿಗೆ ಸೇರಿಸಿದ ಮಾತ್ರಕ್ಕೆ ಫೋನಿನ ಆಟ ನಿಲ್ಲುವುದಿಲ್ಲ, ನಿಲ್ಲಲೇಬೇಕೆಂದೂ ಇಲ್ಲ. 'ಶ್ಯಾಡೋ ಫೈಟ್ 2'ರಲ್ಲಿ ಕೆಲವು ಪಂದ್ಯವಾದ ಮೇಲೆ 'ಎನರ್ಜಿ' ಮುಗಿಯುತ್ತದೆ, ಮತ್ತೆ ತುಂಬುವವರೆಗೆ ಕಾಯಬೇಕು. ಕಾಯಲಾರದವನು ದುಡ್ಡು ಕೊಡಬೇಕು. ಎನರ್ಜಿ ಮುಗಿಯಿತೆಂದರೆ ಅವತ್ತಿನ ಆಟ ಮುಗಿಯಿತು ಎಂದು ಮನೆಯಲ್ಲಿ ನಿಯಮ ಮಾಡಿ, ಯುಪಿಐ ಪಿನ್ ನಿಮ್ಮಲ್ಲೇ ಇರಲಿ. ಹೆಬ್ಬೆರಳ ಬುಡದಲ್ಲಿ ನೋವು, ಕುತ್ತಿಗೆ ಹಿಡಿತ ಕಂಡರೆ ಕೆಲವು ದಿನ ಪೂರ್ತಿ ಬಿಡಿಸಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಐದೂವರೆಗೆ ಏಳುವ ಹುಡುಗ ಒಂಬತ್ತೂವರೆಗೆ ಮಲಗಿರಬೇಕು, ಅಂದರೆ ಇಶಾ ಆದ ಮೇಲೆ ಫೋನ್ ನಿಮ್ಮ ಕೋಣೆಯಲ್ಲಿರಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ 'ಗೇಮಿಂಗ್ ಡಿಸಾರ್ಡರ್' ಇದೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ಓದು ಬಿಟ್ಟು ಅದೇ ಮೊದಲಾಗುವುದು, ಹಾನಿಯಾದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷ ಕಂಡರೆ ಮಾತ್ರ ರೋಗವೆನ್ನುತ್ತಾರೆ. ಆದ್ದರಿಂದ ರಜೆಯ ಎರಡು ವಾರದ ಹುಚ್ಚಿಗೆ ಹೆದರಬೇಡಿ. ನಿಜವಾಗಿ ಹಾಗೆನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ.

ಕ್ಲಾಸು ನೋಡಲು ಹೋಗುವ ದಿನ ಮಗನನ್ನೂ ಕರೆದುಕೊಂಡು ಹೋಗಿ, ದುಡ್ಡು ಕಟ್ಟುವ ಮೊದಲು ಒಂದು ವಾರ ಗೋಡೆಯ ಪಕ್ಕ ಕುಳಿತು ನೋಡಲು ಕೇಳಿ. ಒಪ್ಪದಿದ್ದರೆ ಬೇರೆ ಕಡೆ ಹೋಗಿ. ಎಷ್ಟು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆ, ಅದಕ್ಕೆ ಎಷ್ಟು ಫೀಸು ಎಂದು ವಿಚಾರಿಸಿ. ಬೆಲ್ಟ್ ಎಂದರೆ ಆಟದ 'ಲೆವೆಲ್' ಇದ್ದಂತೆ, ಬೇಗ ಬೇಗ ಸಿಕ್ಕಷ್ಟೂ ಅದಕ್ಕೆ ಬೆಲೆ ಕಡಿಮೆ. ಚಿಕ್ಕವರನ್ನು ದೊಡ್ಡವರ ಎದುರು ನಿಲ್ಲಿಸುತ್ತಾರೆಯೇ, ಬಿದ್ದ ಮಗುವನ್ನು ನೋಡಿ ನಗುತ್ತಾರೆಯೇ, ಪೆಟ್ಟಿಗೆಯಲ್ಲಿ ಹತ್ತಿ ಬ್ಯಾಂಡೇಜು ಇದೆಯೇ, ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ನೀವು ನೋಡಿ. ಯಾವ ವರಸೆ ತನಗೆ ಹೊಂದುತ್ತದೆ ಎಂದು ಮಗ ನೋಡಲಿ. ಆ ಲೆಕ್ಕ ಅವನಿಗೆ ಆಗಲೇ ಬರುತ್ತದೆ.